ಕರೆಂಟ್ ಹೋಯ್ತು ಅಂದರೆ ಏನು ಹೋಯ್ತು?

(ಸಾಗರದಲ್ಲಿ ಶಿಕ್ಷಕರು ಮತ್ತು ಕಾಲೇಜು ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ದಿನಬಳಕೆಯ ಒಂದು ಇಂಗ್ಲಿಷ್ ಪದ ಹಿಡಿದು ಮಾತಾಡಿ ಅಂತ ಹೇಳಿದಾಗ ನಾನು ಹೆಚ್ಚು ಯೋಚಿಸಲಿಲ್ಲ. ಶರಾವತಿ ಸೀಮೆಯಲ್ಲಿ ನಿಂತು ಮಾತಾಡುವಾಗ 'ಕರೆಂಟ್' ಬಿಟ್ಟು ಬೇರೆ ಪದ ಯಾಕೆ ಹುಡುಕಬೇಕು? ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯೂ ಆಡುವ ಪದ ಇದು. ಆರಿದ್ರಾ ಮಳೆ ಹಿಡಿಯಿತು ಅಂದರೆ ನಮ್ಮ ಫೋನಿನ ಮಾತು ಶುರುವಾಗುವುದೇ 'ನಿಮ್ಮಲ್ಲಿ ಕರೆಂಟ್ ಉಂಟಾ ಮಾರಾಯ್ರೆ' ಅಂತ. ಉಭಯ ಕುಶಲೋಪರಿ ಆಮೇಲೆ.

ನಾನು ಇಂಗ್ಲಿಷ್ ಪಾಠ ಮಾಡಿದವನು. ನಾವು ತರಗತಿಯಲ್ಲಿ ಕಷ್ಟದ ಪದಗಳಿಗೆ ಅರ್ಥ ಬರೆಸುತ್ತೇವೆ. ಮಕ್ಕಳಿಗೆ ಗೊತ್ತಿದೆ ಅಂತ ನಾವು ಅಂದುಕೊಂಡ ಪದಗಳನ್ನು ದಾಟಿ ಹೋಗುತ್ತೇವೆ. ಮಕ್ಕಳು ಎಡವುವುದು ಹೆಚ್ಚಾಗಿ ಅಲ್ಲೇ. ಹೊಳೆಯ ಬಗ್ಗೆ ಬರೆದ ಇಂಗ್ಲಿಷ್ ಪಾಠದಲ್ಲಿ 'ದಿ ಕರೆಂಟ್ ವಾಸ್ ಸ್ಟ್ರಾಂಗ್' ಅಂತ ಒಂದು ಸಾಲು ಬಂತು ಅನ್ನಿ. ಆ ನೀರಲ್ಲಿ ಕರೆಂಟ್ ಹೊಡೆಯುತ್ತಿತ್ತು ಅಂತಲೇ ಮಲೆನಾಡಿನ ಮಗು ಅರ್ಥ ಮಾಡಿಕೊಳ್ಳುತ್ತದೆ. ಮಗುವಿನದ್ದು ತಪ್ಪಲ್ಲ. ಅದಕ್ಕೆ ಗೊತ್ತಿರುವ ಕರೆಂಟ್ ಅದೊಂದೇ.

ಹಾಗಾಗಿ ಹೊಳೆಯಿಂದಲೇ ಶುರು ಮಾಡೋಣ. ಲ್ಯಾಟಿನ್ ಭಾಷೆಯಲ್ಲಿ 'ಕುರ್ರೆರೆ' ಅಂದರೆ ಓಡು. ಅಲ್ಲಿಂದ ಹಳೆಯ ಫ್ರೆಂಚಿಗೆ, ಫ್ರೆಂಚಿನಿಂದ ಇಂಗ್ಲಿಷಿಗೆ ಬಂದ ಪದ ಇದು. ಓಡುತ್ತಿರುವುದು, ಹರಿಯುತ್ತಿರುವುದು ಅನ್ನುವುದೇ ಅದರ ಮೂಲದ ಅರ್ಥ. ನೀರಿನ ವಿಷಯಕ್ಕೆ ಬಂದರೆ ನಮ್ಮಲ್ಲಿ ಅದಕ್ಕೆ ಎಷ್ಟು ಒಳ್ಳೆಯ ಮಾತಿದೆ ನೋಡಿ: ಸೆಳವು. 'ಮೇಲಿಂದ ಹೊಳೆ ಶಾಂತ ಕಾಣ್ತದೆ, ಒಳಗೆ ಸೆಳವು ಜೋರುಂಟು, ಇಳೀಬೇಡ' ಅಂತ ಹೊಳೆಬದಿಯ ಮನೆಗಳಲ್ಲಿ ಮಕ್ಕಳಿಗೆ ಹೇಳುತ್ತಾರೆ. ಇಂಗ್ಲಿಷಿನವರ 'ಕರೆಂಟ್' ಅಂದರೆ ಇದೇ. ಅವರ 'ಅಂಡರ್‌ಕರೆಂಟ್' ಅಂದರೆ ನಮ್ಮ ಒಳಸೆಳವು. ಚುನಾವಣೆ ಬಂದಾಗ 'ಕ್ಷೇತ್ರದಲ್ಲಿ ಅಂಡರ್‌ಕರೆಂಟ್ ಇದೆ' ಅಂತ ಟಿ.ವಿ.ಯವರು ಹೇಳುತ್ತಾರೆ. ಒಳಸೆಳವು ಇದೆ ಅಂದರೆ ತುಂಗೆಯ ದಡದವರಿಗೆ ಇನ್ನೂ ಬೇಗ ಅರ್ಥವಾದೀತು. ಶಿವಮೊಗ್ಗದಲ್ಲಿ ಕೋರ್ಪಲಯ್ಯನ ಮಂಟಪ ಮುಳುಗಿತಾ ಇಲ್ಲವಾ ಅಂತ ನೋಡಿಯೇ ಹೊಳೆಯ ಅಂದಾಜು ಹಾಕುವ ಜನ ನಾವು. ನೀರಿನ ಮಾತು ನಮಗೆ ಯಾರೂ ಕಲಿಸಬೇಕಾಗಿಲ್ಲ.

ಹರಿಯುವುದರಿಂದ ಈ ಪದ ದುಡ್ಡಿನ ಕಡೆ ತಿರುಗಿತು. ಕೈಯಿಂದ ಕೈಗೆ ಓಡಾಡುವ ನಾಣ್ಯ, ಅದಕ್ಕೇ 'ಕರೆನ್ಸಿ'. ಈಗ ಓಡಾಡುತ್ತಿರುವುದು ಯಾವುದೋ ಅದು ಸದ್ಯದ್ದು. ಹಾಗಾಗಿ 'ಕರೆಂಟ್' ಪದಕ್ಕೆ ಈಗಿನ, ಸದ್ಯದ ಅನ್ನುವ ಅರ್ಥ ಬಂತು. ಇದೇ ದಾರಿಯನ್ನು ನಮ್ಮ ನುಡಿಯೂ ಹಿಡಿದಿದೆ. 'ಚಲ' ಅಂದರೆ ಚಲಿಸು. ದುಡ್ಡು ಚಲಾವಣೆಯಲ್ಲಿದೆ ಅನ್ನುತ್ತೇವೆ, ಚಾಲ್ತಿಯಲ್ಲಿರುವ ದರ ಅನ್ನುತ್ತೇವೆ, ಬ್ಯಾಂಕಿನ 'ಕರೆಂಟ್ ಅಕೌಂಟ್' ನಮ್ಮಲ್ಲಿ ಚಾಲ್ತಿ ಖಾತೆ. 2016ರ ನವೆಂಬರಿನಲ್ಲಿ ನೋಟು ರದ್ದಾದಾಗ ಮಂಡಿಯಲ್ಲಿ, ಸಂತೆಯಲ್ಲಿ ಜನ ಆಡಿದ ಮಾತು 'ಈ ನೋಟು ಇನ್ನು ನಡೆಯೋದಿಲ್ಲ' ಅಂತ. ನಡೆಯುವುದೇ ದುಡ್ಡಿನ ಗುಣ ಅನ್ನುವುದು ಇಂಗ್ಲಿಷಿನವರಿಗೂ ಹೊಳೆದಿತ್ತು, ನಮಗೂ ಹೊಳೆದಿತ್ತು. ಯಾರೂ ಯಾರಿಂದಲೂ ಕಡ ತಂದಿದ್ದಲ್ಲ. ಎರಡು ಭಾಷೆಗಳು ಹೀಗೆ ಒಂದೇ ಕಡೆ ಬಂದು ನಿಂತಿದ್ದು ಕಂಡಾಗ ನನಗೆ ತುಂಬಾ ಸಂತೋಷವಾಗುತ್ತದೆ.

'ಕರೆನ್ಸಿ' ಅನ್ನುವುದು ನಮ್ಮೂರುಗಳಲ್ಲಿ ಇನ್ನೊಂದು ಅವತಾರ ಎತ್ತಿತ್ತು. ಕೀಪ್ಯಾಡ್ ಫೋನಿನ ಕಾಲದಲ್ಲಿ 'ಅಣ್ಣಾ, ಐವತ್ತು ರೂಪಾಯಿ ಕರೆನ್ಸಿ ಹಾಕು' ಅಂತ ಅಂಗಡಿಯಲ್ಲಿ ಕೇಳುತ್ತಿದ್ದೆವು. ಇಂಗ್ಲೆಂಡಿನವರಿಗೆ ಈ ವಾಕ್ಯದ ತಲೆಬುಡ ಅರ್ಥವಾಗಲಿಕ್ಕಿಲ್ಲ. ಫೋನಿನೊಳಗೆ ಓಡುವ ದುಡ್ಡು ಅನ್ನುವ ಲೆಕ್ಕದಲ್ಲಿ ನೋಡಿದರೆ ಪದ ಸರಿಯಾಗಿಯೇ ಕೂತಿತ್ತು.

ಕೆಲಸಕ್ಕೆ, ಪರೀಕ್ಷೆಗೆ ತಯಾರಾಗುತ್ತಿರುವ ಮಕ್ಕಳು ಈ ಸದ್ಯದ ಅರ್ಥವನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಅರ್ಜಿಯಲ್ಲಿ 'ಕರೆಂಟ್ ಅಡ್ರೆಸ್' ಅಂತ ಇದ್ದರೆ ಈಗ ಇರುವ ವಿಳಾಸ. ಊರಿನ ಮನೆಯದ್ದು 'ಪರ್ಮನೆಂಟ್' ಕಾಲಮ್ಮಿಗೆ. ರೈಲಿನ ಟಿಕೆಟ್ ನೋಡುವಾಗ ಬುಕ್ ಮಾಡಿದ ದಿನದ ಸ್ಥಿತಿ ಒಂದು ಕಡೆ, 'ಕರೆಂಟ್ ಸ್ಟೇಟಸ್' ಇನ್ನೊಂದು ಕಡೆ ಇರುತ್ತದೆ. ಅಲ್ಲಿ ನೋಡಬೇಕಾದ್ದು ಎರಡನೆಯದನ್ನು. 'ಕರೆಂಟ್ ಅಫೇರ್ಸ್' ಅಂದರೆ ಪ್ರಚಲಿತ ವಿದ್ಯಮಾನ. ಇಲ್ಲೂ ಮತ್ತೆ ಅದೇ 'ಚಲ'. ಈ ಕಣಿವೆಯ ಪ್ರಚಲಿತ ವಿದ್ಯಮಾನ ಅಂದರೆ ಇವತ್ತು ಪಂಪ್ಡ್ ಸ್ಟೋರೇಜ್. ತಳಕಳಲೆ ಮತ್ತು ಗೇರುಸೊಪ್ಪೆಯ ಜಲಾಶಯಗಳ ನಡುವೆ ನೀರನ್ನು ಇಳಿಸಿ ಏರಿಸಿ 2000 ಮೆಗಾವಾಟ್ ಉತ್ಪಾದಿಸುವ ಯೋಜನೆ, ಅದರ ಸುತ್ತ ಎದ್ದಿರುವ ವಿರೋಧ. ಪರೀಕ್ಷೆಗಾಗಿ ಓದುವವರು ಅದನ್ನು ಬಾಯಿಪಾಠ ಮಾಡಿ ಬಿಡಬೇಡಿ. ಇದು ನಿಮ್ಮ ಮನೆ ಹಿಂದಿನ ಕಾಡಿನ ಪ್ರಶ್ನೆ.

ಈ ಪದದ ಒಡಹುಟ್ಟಿದವರು ಬಹಳ. ಓಡಿ ಬಂದು ಕಾಗದ ಕೊಡುವ ಕೊರಿಯರ್, ಕಂಪ್ಯೂಟರ್ ಪರದೆಯ ಮೇಲೆ ಓಡುವ ಕರ್ಸರ್, ಕಾಪಿಬುಕ್ಕಿನಲ್ಲಿ ಮಕ್ಕಳು ಒಂದಕ್ಕೊಂದು ಕೂಡಿಸಿ ಬರೆಯುವ ಕರ್ಸಿವ್ ಅಕ್ಷರ, ತಿಂಗಳು ತಿಂಗಳು ಮರಳಿ ಬರುವ ಆರ್.ಡಿ. (ರಿಕರಿಂಗ್ ಡೆಪಾಸಿಟ್) ಕಂತು, ಆನೆ ಕಾರಿಡಾರು ಎಲ್ಲ ಒಂದೇ ಬೇರಿನವು. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ವಿಷಯಗಳ ಪಟ್ಟಿ ಇದೆಯಲ್ಲ, 'ಕನ್‌ಕರೆಂಟ್ ಲಿಸ್ಟ್', ನಾವು ಸಮವರ್ತಿ ಪಟ್ಟಿ ಅನ್ನುತ್ತೇವೆ. ಒಟ್ಟಿಗೆ ಓಡುವುದು ಅಂತ ಅದರ ಅರ್ಥ. ಆ ಪಟ್ಟಿಯ 38ನೆಯ ನಮೂದು ಯಾವುದು ಗೊತ್ತಾ? ವಿದ್ಯುತ್. ಕನ್‌ಕರೆಂಟ್ ಪಟ್ಟಿಯೊಳಗೇ ನಮ್ಮ ಕರೆಂಟ್ ಕೂತಿದೆ. ಕೇಕಿಗೆ ಹಾಕುವ 'ಕರಂಟ್' ಅನ್ನುವ ಒಣದ್ರಾಕ್ಷಿ ಮಾತ್ರ ಈ ಮನೆಯದ್ದಲ್ಲ. ಅದು ಗ್ರೀಸಿನ ಕೊರಿಂತ್ ಊರಿನ ಹೆಸರಿನಿಂದ ಬಂದದ್ದು. ಸ್ಪೆಲಿಂಗಿನಲ್ಲೂ ಒಂದು ಅಕ್ಷರ ಬೇರೆ.

ಈಗ ನಮ್ಮ ಕರೆಂಟಿಗೆ ಬರೋಣ.

ಹದಿನೆಂಟನೆಯ ಶತಮಾನದವರು ವಿದ್ಯುತ್ ಅನ್ನುವುದು ಒಂದು ದ್ರವ ಅಂತ ನಂಬಿದ್ದರು. ಬೆಂಜಮಿನ್ ಫ್ರಾಂಕ್ಲಿನ್ ಕೂಡ ಹಾಗೇ ಅಂದುಕೊಂಡಿದ್ದ. ಆ ದ್ರವ ಹೆಚ್ಚಿರುವ ಕಡೆ ಪ್ಲಸ್, ಕಡಿಮೆ ಇರುವ ಕಡೆ ಮೈನಸ್. ದ್ರವ ಅಂದ ಮೇಲೆ ಹರಿಯಬೇಕಲ್ಲ. 1820ರ ಹೊತ್ತಿಗೆ ಫ್ರಾನ್ಸಿನ ಆಂಪಿಯರ್ ತಂತಿಯಲ್ಲಿ ನಡೆಯುವುದನ್ನು ವಿವರಿಸುವಾಗ ಹರಿವು ಅನ್ನುವ ತನ್ನ ಭಾಷೆಯ ಪದವನ್ನೇ ಬಳಸಿದ. ಆ ಹರಿವನ್ನು ಅಳೆಯುವ ಮಾನಕ್ಕೆ ಅವನ ಹೆಸರೇ ನಿಂತಿತು. 1897ರಲ್ಲಿ ಎಲೆಕ್ಟ್ರಾನ್ ಪತ್ತೆಯಾಯಿತು. ಪ್ಲಸ್‌ನಿಂದ ಮೈನಸ್‌ಗೆ ಹರಿಯುತ್ತದೆ ಅಂತ ಎಲ್ಲರೂ ಬಾಣದ ಗುರುತು ಹಾಕಿ ಮುಗಿದಿತ್ತು, ಎಲೆಕ್ಟ್ರಾನು ನೋಡಿದರೆ ಎದುರು ದಿಕ್ಕಿಗೆ ಸರಿಯುತ್ತಿತ್ತು. ಬಾಣವನ್ನು ಯಾರೂ ತಿದ್ದಲಿಲ್ಲ. ಇವತ್ತಿಗೂ ಪಠ್ಯಪುಸ್ತಕದಲ್ಲಿ ಅದೇ ಬಾಣ.

ಇನ್ನೂ ಸೋಜಿಗದ ಸಂಗತಿ ಇದೆ. ಮನೆಯ ತಂತಿಯಲ್ಲಿ ಎಲೆಕ್ಟ್ರಾನುಗಳು ಓಡುವುದೇ ಇಲ್ಲ. ಬ್ಯಾಟರಿಯ ಕರೆಂಟಿನಲ್ಲಾದರೆ ಒಂದು ಸೆಕೆಂಡಿಗೆ ಮಿಲಿಮೀಟರಿನ ಆಚೀಚೆ ತೆವಳುತ್ತವೆ. ನಮ್ಮ ಮನೆಗೆ ಬರುವುದು ಎ.ಸಿ., ಅಂದರೆ ಆಲ್ಟರ್ನೇಟಿಂಗ್ ಕರೆಂಟ್; ಅದು ಸೆಕೆಂಡಿಗೆ 50 ಆವರ್ತ ಸುತ್ತುತ್ತದೆ, ಅಂದರೆ 100 ಸಲ ದಿಕ್ಕು ಬದಲಿಸುತ್ತದೆ. ಎಲೆಕ್ಟ್ರಾನುಗಳು ಇದ್ದಲ್ಲೇ ಅಲುಗಾಡುತ್ತವೆ, ಅಷ್ಟೆ. ಓಡಿ ಬರುವುದು ಆ ಅಲುಗಾಟದ ಹಿಂದಿನ ಶಕ್ತಿ. ಅದರ ವೇಗ ಬೆಳಕಿನ ವೇಗಕ್ಕೆ ಹತ್ತಿರ. ಜೋಗದ ಕರೆಂಟ್ ಬೆಂಗಳೂರಿಗೆ ಹೋಯಿತು ಅನ್ನುತ್ತೇವಲ್ಲ, ಜೋಗದ ಒಂದು ಎಲೆಕ್ಟ್ರಾನು ಕೂಡ ಬೆಂಗಳೂರು ಕಂಡಿಲ್ಲ.

ವೋಲ್ಟೇಜು, ಕರೆಂಟು, ಪವರು ಮೂರನ್ನೂ ನಾವು 'ಕರೆಂಟ್' ಅನ್ನುವ ಒಂದೇ ಪದದಲ್ಲಿ ಸುತ್ತಿಬಿಟ್ಟಿದ್ದೇವೆ. ಇದನ್ನು ಬಿಡಿಸಿ ನೋಡಲು ನಮ್ಮ ಜಿಲ್ಲೆಯ ಪೆನ್‌ಸ್ಟಾಕ್ ಪೈಪುಗಳಷ್ಟು ಒಳ್ಳೆಯ ಹೋಲಿಕೆ ನನಗೆ ಬೇರೆ ಗೊತ್ತಿಲ್ಲ. ಲಿಂಗನಮಕ್ಕಿಯ ನೀರು ತಳಕಳಲೆಗೆ ಬಂದು, ಅಲ್ಲಿಂದ ದೊಡ್ಡ ಪೈಪುಗಳಲ್ಲಿ ಕಣಿವೆಗೆ ಇಳಿದು ಶರಾವತಿ ವಿದ್ಯುದಾಗಾರದ ಚಕ್ರ ತಿರುಗಿಸುತ್ತದೆ. ನೀರು ಎಷ್ಟು ಎತ್ತರದಿಂದ ಬೀಳುತ್ತದೆ ಅನ್ನುವುದು ವೋಲ್ಟೇಜು. ಎಷ್ಟು ನೀರು ಹರಿಯುತ್ತಿದೆ ಅನ್ನುವುದು ಕರೆಂಟು. ಎರಡೂ ಸೇರಿ ಚಕ್ರಕ್ಕೆ ಕೊಡುವ ಬಲ ಪವರು. ಹಾಗೆ ಹತ್ತು ಚಕ್ರ ತಿರುಗಿದರೆ 1035 ಮೆಗಾವಾಟು. ನಾವು 'ಕರೆಂಟ್ ಬಿಲ್' ಕಟ್ಟುತ್ತೇವಲ್ಲ, ಅದು ಲೆಕ್ಕದ ಪ್ರಕಾರ ಕರೆಂಟಿನ ಬಿಲ್ಲಲ್ಲ. ಎಷ್ಟು ಪವರನ್ನು ಎಷ್ಟು ಹೊತ್ತು ಬಳಸಿದಿರಿ ಅನ್ನುವುದರ ಬಿಲ್ಲು. ಸಾವಿರ ವಾಟು ಒಂದು ಗಂಟೆ ಉರಿದರೆ ಒಂದು ಯೂನಿಟ್. ಹೆಸರು ಹಾಗೇ ಇರಲಿ, ನಾನು ಬದಲಿಸಿ ಅನ್ನುವುದಿಲ್ಲ. ಆದರೆ ವಿಜ್ಞಾನದ ಮೇಷ್ಟ್ರು ಒಂದು ದಿನ ಈ ಬಿಲ್ಲನ್ನೇ ತರಗತಿಗೆ ತಂದು ಪಾಠ ಮಾಡಬೇಕು.

ಈ ಪದ ಕನ್ನಡಕ್ಕೆ ಬಂದ ಕಾಲಕ್ಕೆ ಒಂದಿಷ್ಟು ಗುರುತು ಸಿಗುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದರು, 1905ರಲ್ಲಿ ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂತು. ನಮ್ಮ ಕಡೆ 1948ರಲ್ಲಿ ಜೋಗದ ವಿದ್ಯುದಾಗಾರ ಕೆಲಸ ಶುರು ಮಾಡಿತು. ಅದಕ್ಕಾಗಿ ಮಡೇನೂರಿನಲ್ಲಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು, 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ತಾನೇ ಮುಳುಗಿತು. ಅದರ ಜೊತೆ ಮುಳುಗಿದ್ದು ಏನೇನು ಅಂತ ಇಲ್ಲಿ ಕೂತವರಲ್ಲಿ ಅನೇಕರಿಗೆ ಮನೆಯ ಹಿರಿಯರು ಹೇಳಿರುತ್ತಾರೆ. ಗದ್ದೆ, ತೋಟ, ದೇವರ ಬನ, ದಾರಿ. 'ಮುಳುಗಡೆ' ಅನ್ನುವ ಪದಕ್ಕೆ ಈ ತಾಲ್ಲೂಕಿನಲ್ಲಿ ಇರುವ ತೂಕ ಬೇರೆ ಎಲ್ಲೂ ಇಲ್ಲ. 'ನಾವು ಮುಳುಗಡೆಯವರು' ಅಂದರೆ ಸಾಕು, ಮುಂದಿನದ್ದು ಕೇಳಬೇಕಾಗಿಲ್ಲ. ಹೊಸ ಊರಿನ ಭೂಮಿಗೆ ಹಕ್ಕುಪತ್ರಕ್ಕಾಗಿ ಇವತ್ತಿಗೂ ಅಲೆಯುವವರಿದ್ದಾರೆ. ರಾಜ್ಯಕ್ಕೆಲ್ಲ ಬೆಳಕು ಕೊಟ್ಟ ಹಿನ್ನೀರಿನ ಎಷ್ಟೋ ಹಳ್ಳಿಗಳು ಬಹಳ ವರ್ಷ ಚಿಮಣಿ ಬುಡ್ಡಿಯಲ್ಲೇ ಇದ್ದವು. ಅವರ ಬಾಯಲ್ಲಿ 'ಕರೆಂಟ್' ಅನ್ನುವ ಪದಕ್ಕೆ ಒಂದು ನೋವು ಅಂಟಿಕೊಂಡೇ ಇದೆ. ನಿಘಂಟು ಮಾಡುವವರು ಅರ್ಥ ಬರೆಯುತ್ತಾರೆ, ಇದನ್ನು ಬರೆಯಲು ಅವರಿಗೆ ಜಾಗ ಇರುವುದಿಲ್ಲ. ಜುಲೈ ಬಂತು ಅಂದರೆ ಪತ್ರಿಕೆಯಲ್ಲಿ ಲಿಂಗನಮಕ್ಕಿ ತುಂಬುವ 1819 ಅಡಿಗೆ ಇನ್ನೆಷ್ಟು ಬಾಕಿ ಅಂತ ನಾವೆಲ್ಲ ನೋಡುತ್ತೇವೆ. ಹಿನ್ನೀರಿನ ಮನೆಯವರು ಆ ಸಂಖ್ಯೆಯನ್ನು ಓದುವ ರೀತಿಯೇ ಬೇರೆ.

ಪದ ನಮ್ಮದಾಯಿತು ಅನ್ನುವುದಕ್ಕೆ ಸಾಕ್ಷಿ, ಅದರ ಜೊತೆ ನಾವು ಕೂಡಿಸಿದ ಕ್ರಿಯಾಪದಗಳು. ಕರೆಂಟ್ ಬರುತ್ತದೆ, ಹೋಗುತ್ತದೆ, ಹೊಡೆಯುತ್ತದೆ, ಹಿಡಿದುಕೊಳ್ಳುತ್ತದೆ. ಮೆಸ್ಕಾಂನವರು ಕರೆಂಟ್ ತೆಗೆಯುತ್ತಾರೆ, ಕೊಡುತ್ತಾರೆ. ಗೀಸರು ಕರೆಂಟ್ ಎಳೆಯುತ್ತದೆ. ಬೇಲಿಗೆ ಕರೆಂಟ್ ಬಿಡುತ್ತಾರೆ. ಮಳೆಗೆ ನೆಂದ ಗೋಡೆಗೆ ಕರೆಂಟ್ ಬರುತ್ತದೆ. ಇದರಲ್ಲಿ ಹೆಚ್ಚಿನವನ್ನು ಇಂಗ್ಲಿಷಿನವರು 'ಕರೆಂಟ್' ಪದ ಹಾಕಿ ಹೇಳುವುದಿಲ್ಲ. ಅವರಿಗೆ 'ಪವರ್' ಹೋಗುತ್ತದೆ, 'ಶಾಕ್' ಹೊಡೆಯುತ್ತದೆ, ಬಿಲ್ಲು 'ಎಲೆಕ್ಟ್ರಿಸಿಟಿ'ಯದ್ದು, ಗೋಡೆ ಅಥವಾ ತಂತಿ 'ಲೈವ್' ಆಗಿರುತ್ತದೆ. ಇಂಗ್ಲಿಷಿನಲ್ಲಿ ಮಾತಾಡುವಾಗ 'ಕರೆಂಟ್ ಈಸ್ ಗಾನ್' ಅನ್ನದೆ 'ದಿ ಪವರ್ ಈಸ್ ಔಟ್' ಅಥವಾ 'ದೇರ್ ಈಸ್ ಎ ಪವರ್ ಕಟ್' ಅನ್ನಿ ಅಂತ ಮಕ್ಕಳಿಗೆ ಹೇಳಿಕೊಡಬೇಕು. ಅದೇ ಮಗು ಕನ್ನಡದಲ್ಲಿ 'ಕರೆಂಟ್ ಹೋಯ್ತು' ಅಂದಾಗ 'ವಿದ್ಯುತ್ ಕಡಿತಗೊಂಡಿದೆ ಅನ್ನು' ಅಂತ ತಿದ್ದುವುದನ್ನು ನಾನು ಒಪ್ಪುವುದಿಲ್ಲ. 'ಕರೆಂಟ್ ಹೋಯ್ತು' ಅನ್ನುವುದು ಒಳ್ಳೆಯ ಕನ್ನಡ. 'ವಿದ್ಯುತ್ ಪ್ರವಾಹ' ಪಠ್ಯಕ್ಕೆ ಇರಲಿ. ಪ್ರವಾಹ ಅಂದರೆ ನಮಗೆ ನೆರೆ ನೆನಪಾಗುತ್ತದೆ, ಹತ್ತನೆಯ ತರಗತಿಯ ಮಗುವಿಗೆ ಎರಡರ ವ್ಯತ್ಯಾಸವನ್ನು ಬಿಡಿಸಿ ಹೇಳಿದರೆ ಆಯಿತು.

ಇಲ್ಲಿ ನನ್ನ ಮನಸ್ಸಿಗೆ ಬಹಳ ಹತ್ತಿರದ ವಿಷಯಕ್ಕೆ ಬರುತ್ತೇನೆ. ಕರೆಂಟ್ ಹೋಯ್ತು ಅಂದರೆ ನಿಜವಾಗಿ ಏನು ಹೋಯ್ತು? ನಮ್ಮ ಮನೆಯ ಬಲ್ಬು ಆರಿತು, ಅಷ್ಟೇ ನಮಗೆ ಗೊತ್ತಿರುವುದು. ತಂತಿಯಲ್ಲಿ ಏನಿದೆ ಅಂತ ಬಲ್ಬು ಹೇಳುವುದಿಲ್ಲ. ಟಿ.ಸಿ., ಅಂದರೆ ಟ್ರಾನ್ಸ್‌ಫಾರ್ಮರ್ ಹತ್ತಿರ ಒಂದು ಫ್ಯೂಸ್ ಹೋಗಿರಬಹುದು, ಇನ್ನೆರಡು ಫೇಸಿನಲ್ಲಿ ಕರೆಂಟ್ ಇರುತ್ತದೆ. ತೋಟದಾಚೆ ಮರ ಬಿದ್ದು ನಮ್ಮ ಕಡೆಯ ತಂತಿ ಕಡಿದಿರಬಹುದು, ಕಡಿದ ಇನ್ನೊಂದು ತುದಿಯಲ್ಲಿ 11 ಕೆ.ವಿ., ಅಂದರೆ 11 ಸಾವಿರ ವೋಲ್ಟ್, ಹಾಗೇ ಇರುತ್ತದೆ. ಒಣ ದರಗಿನ ಮೇಲೋ ಜಂಬಿಟ್ಟಿಗೆ ನೆಲದ ಮೇಲೋ ಬಿದ್ದ ತಂತಿಯಿಂದ ನೆಲಕ್ಕೆ ಇಳಿಯುವ ಕರೆಂಟ್ ಕಡಿಮೆಯಾದರೆ ಸ್ಟೇಷನ್ನಿನಲ್ಲಿ ಲೈನು ಟ್ರಿಪ್ ಆಗದೆ, ಅಂದರೆ ತಾನಾಗಿ ಬಂದ್ ಆಗದೆ, ಇರುವುದೂ ಉಂಟು. ಟ್ರಿಪ್ ಆದರೂ, ಮರದ ಗೆಲ್ಲು ತಾಗಿ ಹೋಗಿರಬಹುದು ಅಂತ ಸ್ವಲ್ಪ ಹೊತ್ತು ಬಿಟ್ಟು ಒಮ್ಮೆ ಲೈನ್ ಚಾರ್ಜ್ ಮಾಡಿ, ಅಂದರೆ ಮತ್ತೆ ಕರೆಂಟ್ ಕೊಟ್ಟು, ನೋಡುತ್ತಾರೆ. 'ಕರೆಂಟ್ ಇಲ್ಲವಲ್ಲ' ಅಂತ ತಂತಿಯನ್ನು ಪಕ್ಕಕ್ಕೆ ಎಳೆಯಲು ಹೋದವರ ಸುದ್ದಿ ಮಳೆಗಾಲದಲ್ಲಿ ಓದುತ್ತೇವೆ. ಅವರು ಬಲ್ಬಿನ ಮಾತನ್ನು ತಂತಿಯ ಮಾತು ಅಂದುಕೊಂಡರು.

ಕಂಬ ಹತ್ತುವ ಲೈನ್‌ಮನ್‌ಗಳು ಹಾಗೆ ಅಂದುಕೊಳ್ಳುವುದಿಲ್ಲ. ಅವರು ಮೊದಲು ಸ್ಟೇಷನ್ನಿನಿಂದ ಎಲ್.ಸಿ. ತಗೊಳ್ಳುತ್ತಾರೆ. ಲೈನ್ ಕ್ಲಿಯರ್ ಅಂತ ಅದರ ಪೂರ್ತಿ ಹೆಸರು. ಎಲ್.ಸಿ. ಕೊಟ್ಟವರಿಗೆ ಅದು ವಾಪಸ್ ಬರುವವರೆಗೆ ಆ ಲೈನ್ ಚಾರ್ಜ್ ಮಾಡುವಂತಿಲ್ಲ. ಎಲ್.ಸಿ. ಸಿಕ್ಕ ಮೇಲೂ ಅರ್ತ್ ರಾಡ್ ಹಾಕಿ ತಂತಿಯನ್ನು ನೆಲಕ್ಕೆ ಕೂಡಿಸುತ್ತಾರೆ, ಆಮೇಲೆ ಕೈ ಹಾಕುತ್ತಾರೆ. ಇಂಗ್ಲಿಷಿನಲ್ಲಿ ಕರೆಂಟ್ ಇಲ್ಲದ ಲೈನಿಗೆ 'ಡೆಡ್' ಅನ್ನುತ್ತಾರೆ. ನಮ್ಮ 'ಹೋಯ್ತು' ಅದಕ್ಕಿಂತ ಹೆಚ್ಚು ನಿಜ ಅಂತ ನನ್ನ ಅಭಿಪ್ರಾಯ. ಸತ್ತದ್ದು ಏಳುವುದಿಲ್ಲ, ಹೋದದ್ದು ಬರುತ್ತದೆ. ನಮ್ಮ ಮನೆಗಳಲ್ಲಿ ಹೊರಡುವವರು 'ಹೋಗಿ ಬರ್ತೇನೆ' ಅನ್ನುತ್ತಾರಲ್ಲ, ಕರೆಂಟಿನ ಸ್ವಭಾವವೂ ಹಾಗೇ. ಯಾವ ಕ್ಷಣ ಬರುತ್ತದೋ ಹೇಳಲಾಗದು. ಈ ಅರ್ಥ ನಮ್ಮ ಮಾತಿನೊಳಗೇ ಇದೆ, ಅದನ್ನು ಮನಸ್ಸಿಟ್ಟು ಕೇಳಿಸಿಕೊಳ್ಳಬೇಕು.

ಎಷ್ಟು ಕರೆಂಟ್ ಅಪಾಯ ಅಂತ ವಿದ್ಯಾರ್ಥಿಗಳು ಕೇಳುತ್ತಾರೆ. 9 ವಾಟಿನ ಒಂದು ಎಲ್.ಇ.ಡಿ. ಬಲ್ಬಿನಲ್ಲಿ ಹರಿಯುವುದು ಸುಮಾರು 40 ಮಿಲಿಆಂಪಿಯರ್. ಅಷ್ಟೇ ಕರೆಂಟ್ ಎದೆಯ ಮೂಲಕ ಹಾದರೆ ಜೀವಕ್ಕೆ ಅಪಾಯ. ಅದಕ್ಕೇ ಮನೆಯ ಬೋರ್ಡಿಗೆ ಹಾಕುವ ಆರ್.ಸಿ.ಸಿ.ಬಿ. ಅನ್ನುವ ಸುರಕ್ಷಾ ಸ್ವಿಚ್ಚು 30 ಮಿಲಿಆಂಪಿಯರ್ ಸೋರಿದರೇ ತಾನಾಗಿ ಕರೆಂಟ್ ತೆಗೆದುಬಿಡುತ್ತದೆ. ಹಳೆಯ ಮರದ ಮನೆ, ಒದ್ದೆ ಗೋಡೆ, ಅಡಿಕೆ ಬೇಯಿಸುವ ಒಲೆಯ ಸುತ್ತ ಎಳೆದ ವೈರು ಇರುವವರು ಇದನ್ನು ಹಾಕಿಸಿಕೊಳ್ಳಲೇಬೇಕು.

ತೋಟದವರಿಗೆ ಇನ್ನೊಂದು ಪದದ ವಿಷಯ ಹೇಳಬೇಕು: 'ಫೈಬರ್ ದೋಟಿ'. ಅಡಿಕೆ ಕೊನೆ (ಗೊನೆ) ಕೊಯ್ಯಲು, ಔಷಧಿ ಹೊಡೆಯಲು ಈಗ ಮರ ಹತ್ತುವವರು ಸಿಗುವುದು ಕಷ್ಟ, ನೆಲದಲ್ಲೇ ನಿಂತು ದೋಟಿ ಅನ್ನುವ ಉದ್ದದ ಕೋಲಿನಲ್ಲಿ ಕೆಲಸ ಮಾಡುತ್ತಾರೆ. ಫೈಬರ್ ಅಂದ ಕೂಡಲೇ ಪ್ಲಾಸ್ಟಿಕ್ಕಿನ ಹಾಗೆ, ಕರೆಂಟ್ ಹರಿಯುವುದಿಲ್ಲ ಅಂತ ನಾವು ತಿಳಿಯುತ್ತೇವೆ. ಫೈಬರ್ ಅಂದರೆ ನಾರು, ಎಳೆ, ಅಷ್ಟೇ. ಯಾವುದರ ಎಳೆ ಅನ್ನುವುದು ಮುಖ್ಯ. ಗಾಜಿನ ಎಳೆಯದಾದರೆ ಕರೆಂಟ್ ಹರಿಯುವುದಿಲ್ಲ. ಈ ಹಗುರ ದೋಟಿಗಳು ಕಾರ್ಬನ್ ಫೈಬರಿನವು, ಕಾರ್ಬನ್ ಕರೆಂಟನ್ನು ಚೆನ್ನಾಗಿ ಹರಿಸುತ್ತದೆ. ತೋಟದ ಮೇಲೆ ಲೈನ್ ಹಾದು ಹೋಗಿದ್ದರೆ ಅದರ ಅಕ್ಕಪಕ್ಕದ ಮರಗಳಿಗೆ ದೋಟಿ ಎತ್ತಬೇಡಿ. ಕೊನೆ ಕೊಯ್ಯುವವರಿಗೆ ಇದನ್ನು ಬಾಯಿಬಿಟ್ಟು ಹೇಳುವುದು ತೋಟದ ಯಜಮಾನರ ಜವಾಬ್ದಾರಿ. ಆನೆ, ಹಂದಿ ತಡೆಯಲು ಲೈನಿನಿಂದ ನೇರವಾಗಿ ಬೇಲಿಗೆ ಕರೆಂಟ್ ಬಿಡುವುದಂತೂ ಅಪರಾಧ, ಪಾಪ ಕೂಡ. ಸೋಲಾರ್ ಬೇಲಿಯಲ್ಲಿ ಕ್ಷಣದ ಒಂದು ಸಣ್ಣ ಭಾಗ ಮಾತ್ರ ಬಡಿದು ನಿಲ್ಲುವ ಪಲ್ಸ್ ಇರುತ್ತದೆ, ಪ್ರಾಣಿ ಬೆದರಿ ಹಿಂದೆ ಸರಿಯುತ್ತದೆ. ಎರಡನ್ನೂ 'ಕರೆಂಟ್ ಬೇಲಿ' ಅನ್ನುವ ಒಂದೇ ಹೆಸರಿನಲ್ಲಿ ಕರೆಯುವುದನ್ನು ನಾವು ಬಿಡಬೇಕು.

ಮಾತು ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆಯನ್ನೂ ಇಲ್ಲಿ ಸೇರಿಸುತ್ತೇನೆ. 'ಸರ್, ಕಂಪ್ಲೇಂಟ್ ಕೊಡುವಾಗ ಕರೆಂಟ್ ಇಲ್ಲ ಅಂದರೆ ಸಾಕಾಗುವುದಿಲ್ಲವಾ?'

ಸಾಕಾಗುವುದಿಲ್ಲಮ್ಮ. ಕರೆಂಟಿನ ದೂರಿಗೆ ಇರುವ 1912 ನಂಬರಿಗೆ ಫೋನ್ ಮಾಡಿದಾಗ ಇನ್ನೂ ನಾಲ್ಕು ಮಾತು ಹೇಳಬೇಕು. ನಿಮ್ಮ ಒಂದೇ ಮನೆಗೆ ಇಲ್ಲವಾ, ಇಡೀ ಕೇರಿಗೆ ಇಲ್ಲವಾ? ಪೂರ್ತಿ ಇಲ್ಲವಾ, ಬಲ್ಬು ಮಂಕಾಗಿ ಉರಿಯುತ್ತಿದೆಯಾ? ನಿಮ್ಮೂರಿನ ಟಿ.ಸಿ. ಯಾವುದು? ತಂತಿ ನೇತಾಡುತ್ತಿದೆಯಾ, ನೆಲಕ್ಕೆ ಬಿದ್ದಿದೆಯಾ, ಯಾವ ಕಂಬದ ಹತ್ತಿರ? ಬಿದ್ದಿದ್ದರೆ ಮೊದಲ ಮಾತೇ ಅದಾಗಿರಲಿ. ಅವರು ಬರುವವರೆಗೆ ದನಕರು, ಮಕ್ಕಳು ಆ ಕಡೆ ಹೋಗದ ಹಾಗೆ ಯಾರಾದರೂ ದೂರದಲ್ಲೇ ಕಾವಲು ನಿಲ್ಲಬೇಕು. ನೀವೇ ತಂತಿಯ ಹತ್ತಿರ ಇದ್ದೀರಿ ಅಂತ ಗೊತ್ತಾದರೆ ಓಡಬೇಡಿ. ನೆಲದಲ್ಲಿ ಕರೆಂಟ್ ಹರಡಿರುತ್ತದೆ, ಎರಡು ಕಾಲಿನ ನಡುವೆ ಅಂತರ ಹೆಚ್ಚಾದಷ್ಟೂ ಅಪಾಯ ಹೆಚ್ಚು. ಎರಡೂ ಪಾದ ಜೋಡಿಸಿ, ನೆಲದಿಂದ ಎತ್ತದೆ, ಸ್ವಲ್ಪ ಸ್ವಲ್ಪವೇ ಸರಿಸಿಕೊಂಡು ಹೊರಗೆ ಬನ್ನಿ.